ಮಕ್ಕಳು ‘ಮನೆಗೆ ಹೋಗೋಣ’ ಅನ್ನದಂಥ ಸಂಗೀತ ಕಚೇರಿ ನಮ್ಮೂರ ಕಡೆ ಎಲ್ಲಿದೆ?

ಪ್ರಶ್ನೆ: ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ದಯವಿಟ್ಟು ಹೇಳಿ. ಜೂನ್ ಕೊನೆಯಿಂದ ಆರು ವಾರ ಊರಲ್ಲಿರುತ್ತೇವೆ. ಮಕ್ಕಳಿಗೆ 7 ಮತ್ತು 11. ಆನ್‌ಲೈನ್ ಸಂಗೀತ ಪಾಠ ನಡೀತಿದೆ, ಆದರೆ ಇಲ್ಲಿ ಅಮೆರಿಕದಲ್ಲಿ ಎದುರು ಕೂತು ಕೇಳಿದ ಕಾರ್ಯಕ್ರಮಗಳೆಲ್ಲ ಠುಸ್. ಊರಲ್ಲಿ ಯಾವುದಕ್ಕೆ ಕರ್ಕೊಂಡು ಹೋಗಬಹುದು, ಯಾವುದು ಬೇಡ?

ಉತ್ತರ (ಚಿಂತಾಮಣಿ ಮೂಲ, ಈಗ ನ್ಯೂಜೆರ್ಸಿ):

ಮೊದಲು ಪಂಚಾಂಗ, ಆಮೇಲೆ ವಿಮಾನದ ಟಿಕೆಟ್. ಅರ್ಧ ನಿರಾಸೆ ಹುಟ್ಟೋದೇ ತಾರೀಖಿನಿಂದ. ನಂದಿಯ ಭೋಗನಂದೀಶ್ವರನ ತೇರು ಶಿವರಾತ್ರಿಗೆ, ರಾಮನವಮಿ ಕಚೇರಿಗಳು ಮಾರ್ಚ್-ಏಪ್ರಿಲ್‌ಗೆ, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿಗೆ. ಅಮೆರಿಕದ ಶಾಲೆಯ ರಜೆಗೆ ಇವು ಯಾವುವೂ ಹೊಂದೋದಿಲ್ಲ. ಹೊಂದೋದು ಎರಡು. ಜ್ಯೇಷ್ಠ ಶುದ್ಧ ಚತುರ್ದಶಿಗೆ ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಆರಾಧನೆ. ಆಷಾಢ ಹುಣ್ಣಿಮೆಗೆ, ಅಂದರೆ ಗುರುಪೂರ್ಣಿಮೆಗೆ, ಚಿಂತಾಮಣಿ ಹತ್ತಿರದ ಕೈವಾರದಲ್ಲಿ 72 ಗಂಟೆಗಳ ನಿರಂತರ ಸಂಗೀತೋತ್ಸವ. ಮೊದಲನೆಯದು ಕೆಲವು ವರ್ಷ ಜೂನ್ ಮೊದಲ ವಾರಗಳಲ್ಲೇ ಮುಗಿದುಹೋಗುತ್ತೆ, ನಿಮಗೆ ಸಿಗದೆ ಇರಬಹುದು. ಎರಡನೆಯದು ಸಾಮಾನ್ಯವಾಗಿ ಜುಲೈನಲ್ಲಿ ಬರುತ್ತೆ.

ಕೈವಾರವನ್ನೇ ಯಾಕೆ ಹೇಳ್ತೀನಿ ಅಂದರೆ, ಮಕ್ಕಳಿಗೆ ಹೇಳಿ ಮಾಡಿಸಿದ ಸ್ವರೂಪ ಅದು. ಒಂದು ತಂಡ ಇಳಿದು ಇನ್ನೊಂದು ತಂಡ ಹತ್ತುತ್ತಾ ಇರುತ್ತೆ. ಯಾವಾಗ ಬೇಕಾದರೂ ಹೋಗಿ ನೆಲದ ಮೇಲೆ ಕೂರಬಹುದು, ಮಗು ಚಡಪಡಿಸಿದರೆ ಎದ್ದು ಬರಬಹುದು, ಯಾರೂ ಕಣ್ಣು ಕೆಂಪಗೆ ಮಾಡೋದಿಲ್ಲ. ಎರಡೂವರೆ ಗಂಟೆಯ ಕಚೇರಿಗೆ ಮೂರನೇ ಸಾಲಿನ ಮಧ್ಯದಲ್ಲಿ ಏಳು ವರ್ಷದ ಮಗುವನ್ನು ಕಟ್ಟಿಹಾಕಿದರೆ, ಹಾಡಿದವರು ಎಷ್ಟೇ ದೊಡ್ಡವರಾದರೂ ಅದಕ್ಕೆ ನೆನಪುಳಿಯೋದು ಕಾಲು ಜೋಮು ಹಿಡಿದದ್ದು ಮಾತ್ರ. ಒಂದು ಸಲಕ್ಕೆ 40 ನಿಮಿಷ ಸಾಕು.

ಜೆಟ್ ಲ್ಯಾಗ್ ಲೆಕ್ಕ ಹಾಕಿ. ನ್ಯೂಯಾರ್ಕ್ ಕಡೆಯಿಂದ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ. ಮೊದಲ ವಾರ ಮಕ್ಕಳು ಸಂಜೆ ಆರಕ್ಕೇ ತೂಕಡಿಸುತ್ತಾರೆ, ಬೆಳಗಿನ ಜಾವ ಮೂರಕ್ಕೆ ಕಣ್ಣರಳಿಸಿ ಕೂರುತ್ತಾರೆ. ಸಂಜೆ ಆರರ ಕಚೇರಿ ಆ ವಾರ ಖಂಡಿತ ಬೇಡ. ಬೆಳಗಿನ ಜಾವ ನಾಲ್ಕಕ್ಕೂ ಹಾಡು ನಡೀತಿರೋ ಜಾಗ ಬೇಕು ಅಂದರೆ, ಅದೂ ಕೈವಾರವೇ!

ಹೋಗುವ ಎರಡು ವಾರ ಮುಂಚೆ ಎರಡೇ ಎರಡು ಹಾಡು ಕಿವಿಗೆ ಬೀಳಿಸಿ. ಒಂದು ‘ರಂಗವಿಠಲ’ ಅಂಕಿತದ ಶ್ರೀಪಾದರಾಜರ ಪದ, ಇನ್ನೊಂದು ‘ಅಮರನಾರೇಯಣ’ ಅಂಕಿತದ ಕೈವಾರ ತಾತಯ್ಯನವರ (ಯೋಗಿ ನಾರೇಯಣರ) ಕೀರ್ತನೆ. ತಾತಯ್ಯನವರು ಕನ್ನಡ, ತೆಲುಗು ಎರಡರಲ್ಲೂ ಹಾಡಿದವರು. ‘ಇದು ಕನ್ನಡ ಅಲ್ವಲ್ಲಾ’ ಅಂತ ಮಕ್ಕಳು ಅಲ್ಲಿ ಕೇಳೋ ಮೊದಲೇ ಇದನ್ನು ಹೇಳಿಬಿಡಿ, ನಮ್ಮ ಕಡೆ ಮನೆಮನೆಯಲ್ಲೂ ಎರಡು ಭಾಷೆ ಅಂತ. ಜೊತೆಗೆ ಆದಿತಾಳ ಹಾಕೋದು ಕಲಿಸಿ: ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಪೆಟ್ಟು, ಬೀಸು, ಪೆಟ್ಟು, ಬೀಸು. ಎಂಟು ಎಣಿಕೆ. ಕೈಗೆ ಕೆಲಸ ಸಿಕ್ಕರೆ ಬೇಸರ ಅರ್ಧ ಕಡಿಮೆ. ದೊಡ್ಡವರು ಕಾಫಿಗೆ ಎದ್ದು ಹೋಗುವ ತನಿ ಆವರ್ತನವೇ, ಅಂದರೆ ತಾಳವಾದ್ಯ ಮಾತ್ರ ನುಡಿಸುವ ಭಾಗವೇ, ಮಕ್ಕಳಿಗೆ ಅತಿ ಇಷ್ಟ. ಆ ಹೊತ್ತಿಗೆ ಮೃದಂಗದವರ ಬಲಗೈ ಕಾಣುವ ಕಡೆ ಕೂರಿಸಿ.

ಉತ್ತರ (ಮಾಲೂರು ಮೂಲ, ಈಗ ಡಬ್ಲಿನ್, ಮೈಕ್ ಸೆಟ್ ಕೆಲಸ ಬಲ್ಲವರು):

ಮೇಲಿನದಕ್ಕೆ ಸೌಂಡ್ ವಿಷಯ ಸೇರಿಸ್ತೀನಿ. ‘ಹಾಡಿದೋರು ಚೆನ್ನಾಗಿಲ್ಲ’ ಅಂತ ಜನ ಬೈಯೋದರಲ್ಲಿ ಮುಕ್ಕಾಲು ಪಾಲು ಸೌಂಡಿಂದೇ.

ಕಲ್ಯಾಣ ಮಂಟಪ ಅಂದ್ರೆ ಗ್ರಾನೈಟ್ ನೆಲ, ಬರೀ ಗೋಡೆ, ಮೇಲೆ ಶೀಟು. ಒಳಗೆ ಹೋದ ತಕ್ಷಣ ಒಂದು ಚಪ್ಪಾಳೆ ಹೊಡೀರಿ. ಸದ್ದು ಎರಡು ಸೆಕೆಂಡಿಗಿಂತ ಹೆಚ್ಚು ಉಳೀತು ಅಂದ್ರೆ ಹಿಂದಿನ ಕುರ್ಚಿಗಳಲ್ಲಿ ಸಾಹಿತ್ಯ ಒಂದಕ್ಷರ ತಿಳಿಯಲ್ಲ. ಅಂಥ ಕಡೆ ವೇದಿಕೆಯಿಂದ ಐದಾರು ಮೀಟರ್ ಒಳಗೆ ಕೂತ್ಕೊಳ್ಳಿ, ಆದ್ರೆ ಸ್ಪೀಕರ್ ಬಾಕ್ಸಿನ ಮುಂದೆ ಅಲ್ಲ. ಬಯಲಲ್ಲಿ ಬೇರೆ ತಾಪತ್ರಯ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಮೈದಾನದ ಮಧ್ಯಕ್ಕೆ ಇನ್ನೊಂದು ಜೊತೆ ಬಾಕ್ಸ್ ಇಟ್ಟು, ಅದಕ್ಕೆ ಡಿಲೇ (ಸದ್ದನ್ನ ಅಷ್ಟು ತಡವಾಗಿ ಬಿಡೋ ಸೆಟ್ಟಿಂಗ್) ಹಾಕೋದು ಮರೆತ್ರೆ, 34 ಮೀಟರ್ ಅಂತರಕ್ಕೆ ಹತ್ತನೇ ಒಂದು ಸೆಕೆಂಡ್ ಹಿಂದೆ-ಮುಂದೆ. ಪ್ರತಿ ಪದ ಎರಡೆರಡು ಸಲ ಕೇಳುತ್ತೆ. ಇನ್ನು ಕೊಂಯ್ ಅನ್ನೋ ಸದ್ದು ಬಂದ್ರೆ ಹೆಚ್ಚಾಗಿ ಹಾಡೋರ ಎದುರಿರೋ ಮಾನಿಟರ್ ಸ್ಪೀಕರಿನ ಸದ್ದು ಮೈಕಿಗೇ ವಾಪಸ್ ಹೋಗ್ತಿದೆ ಅಂತ. ಗುಂಯ್ ಅಂತ ಸಣ್ಣಗೆ ಬಿಡದೆ ಬರ್ತಿದ್ರೆ ಕರೆಂಟಿನ 50 ಹರ್ಟ್ಜ್: ಅರ್ತಿಂಗ್ ಸರಿ ಇಲ್ಲ, ಇಲ್ಲಾ ಸೀರಿಯಲ್ ಸೆಟ್ಟಿನ ಡಿಮ್ಮರ್ ಲೈನಿಂದಲೇ ಮಿಕ್ಸರಿಗೂ ಕರೆಂಟ್ ಎಳೆದಿದ್ದಾರೆ. ಕಾರ್ಯಕ್ರಮ ಶುರುವಾದ್ಮೇಲೆ ಅದನ್ನ ಯಾರೂ ಸರಿ ಮಾಡಲ್ಲ, ಆಸೆ ಬಿಡಿ.

ಸಿನಿಮಾ ಹಾಡಿನ ಆರ್ಕೆಸ್ಟ್ರಾ ಬಗ್ಗೆ. ಎಷ್ಟೋ ಕಡೆ ವಾದ್ಯಗಳೆಲ್ಲ ಲ್ಯಾಪ್‌ಟಾಪಿನ ಟ್ರ್ಯಾಕು, ಮೇಲೆ ದನಿ ಮಾತ್ರ. ಕೆಲವು ಕಡೆ ದನಿಯೂ ಟ್ರ್ಯಾಕೇ. ಮೈಕ್ ಬಾಯಿಂದ ದೂರ ಹೋದ್ರೂ ದನಿ ಸಣ್ಣಗಾಗಲ್ಲ, ಕೀಬೋರ್ಡಿನವರು ನೀರು ಕುಡೀತಿದ್ರೂ ಪಿಟೀಲು ಕೇಳ್ತಿರುತ್ತೆ. ಇದನ್ನ ಮೊದಲು ಕಂಡುಹಿಡಿಯೋರು ಮಕ್ಕಳೇ.

ಕಿವಿ ವಿಷಯ ಮಾತ್ರ ತಮಾಷೆ ಅಲ್ಲ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಅನ್ನೋದು ಕೆಲಸಗಾರರಿಗೆ ಹಾಕಿರೋ ಮಿತಿ. ಮೂರು ಡೆಸಿಬೆಲ್ ಏರಿದ ಹಾಗೆ ಹೊತ್ತು ಅರ್ಧ ಆಗ್ತಾ ಬರುತ್ತೆ: 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ. ಬೇಸ್ ಬಾಕ್ಸ್ ಪಕ್ಕ 100 ದಾಟೋದು ಏನೂ ಅಪರೂಪ ಅಲ್ಲ. ಐಫೋನಿನಲ್ಲಿ ನಯೋಷ್ (NIOSH) ಅನ್ನೋ ಅಮೆರಿಕದ ಸಂಸ್ಥೆಯ ಸೌಂಡ್ ಮೀಟರ್ ಆ್ಯಪ್ ಪುಕ್ಕಟೆ ಸಿಗುತ್ತೆ, ಹಾಕ್ಕೊಂಡು ಹೋಗಿ. ಏಳು ವರ್ಷದವನಿಗೆ ಕಿವಿ ಮುಚ್ಚೋ ಮಫ್ ತಗೊಳ್ಳಿ. ಫೋಮ್ ಪ್ಲಗ್ ಚಿಕ್ಕ ಮಕ್ಕಳ ಕಿವೀಲಿ ಸರಿಯಾಗಿ ಕೂರಲ್ಲ. ದೂರ ಸರಿದ್ರೂ ಲಾಭ ಇದೆ, ಬಯಲಲ್ಲಿ ಅಂತರ ಎರಡರಷ್ಟಾದ್ರೆ ಸುಮಾರು ಆರು ಡೆಸಿಬೆಲ್ ಇಳಿಯುತ್ತೆ.

ಇನ್ನೊಂದು: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರ ಮೇಲೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬಗಳಿಗೆ ಅಂತ ಸರ್ಕಾರ ಮಧ್ಯರಾತ್ರಿವರೆಗೆ ಸಡಿಲ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದ ಹಾಗೆ. ಆರಕ್ಕೆ ಅಂತ ಹಾಕಿರೋ ಕಾರ್ಯಕ್ರಮ ಜ್ಯೋತಿ ಬೆಳಗಿ, ಶಾಲು-ಪೇಟ-ಹಾರ ಮುಗಿಸಿ ಎಂಟಕ್ಕೆ ಶುರುವಾದ್ರೆ, ಮುಖ್ಯ ಗಾಯಕರಿಗೆ ಉಳಿಯೋದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಉತ್ತರ (ಶಿರಾ ಮೂಲ, ಈಗ ಮಿನೆಸೋಟ):

‘ಇಲ್ಲಿ ಕೇಳಿದ್ದೆಲ್ಲ ಠುಸ್’ ಅಂದಿರಲ್ಲ, ಅದಕ್ಕೆ ಕಾರಣಗಳನ್ನು ಕನ್ನಡ ಕೂಟದ ಸಮಿತಿಯವರೂ ಓದಲಿ ಅಂತ ಬರೆಯುತ್ತಿದ್ದೇನೆ. ಕಲಾವಿದರು ಅಮೆರಿಕಕ್ಕೆ ಬರುವುದು ಬಹುಮಟ್ಟಿಗೆ ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಕೊಡುವ ಪಿ-3 ವೀಸಾದ ಮೇಲೆ. ಗಾಯಕರಿಗೆ ಸಿಕ್ಕಿ ಪಕ್ಕವಾದ್ಯದವರಿಗೆ ಸಿಗದಿದ್ದರೆ, ಭಿತ್ತಿಪತ್ರದಲ್ಲಿ ಐವರಿದ್ದರೂ ವೇದಿಕೆಯ ಮೇಲೆ ಇಬ್ಬರು ಮತ್ತು ಒಂದು ಲ್ಯಾಪ್‌ಟಾಪ್. ಟಿಕೆಟ್ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ‘ಯಾರು ಹಾಡುತ್ತಾರೆ’ ಅಲ್ಲ, ‘ಪಕ್ಕವಾದ್ಯ ಯಾರು, ಅವರ ವೀಸಾ ಬಂದಿದೆಯೆ’.

ಎರಡನೆಯದು ಸಭಾಂಗಣ. ಶಾಲೆಯ ಜಿಮ್ ಬಾಡಿಗೆ ಕಡಿಮೆ, ಆದರೆ ಅದು ಚೆಂಡಿನಾಟಕ್ಕೆ ಕಟ್ಟಿದ್ದು. ಸೌಂಡಿನವರು ಡಿಜೆ ಹೊಂದಿಕೆಯಲ್ಲೇ ಬರುತ್ತಾರೆ, ಬೇಸ್ ಎತ್ತಿರುತ್ತೆ, ಮೃದಂಗದ ಎಡಮುಖ ಮಡಕೆ ಉರುಳಿದಂತೆ ಕೇಳುತ್ತೆ. ಮುಂಚೆಯೇ ಚಾನೆಲ್ ಪಟ್ಟಿ ಕಳಿಸಿ: ಗಾಯನ 1, ಪಿಟೀಲು 1, ಮೃದಂಗ 2, ಘಟ 1, ತಂಬೂರಿ 1, ಮಾನಿಟರ್ ಕನಿಷ್ಠ 2. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಫ್ಯಾಂಟಮ್ (ಮಿಕ್ಸರಿನಿಂದ ಮೈಕಿಗೆ ಹೋಗುವ ಕರೆಂಟ್) ಬೇಕು, ಇದೆಯೇ ಅಂತ ಕೇಳಿ. ಜನ ಒಳಗೆ ಬರುವ ಮೊದಲು ಪೂರ್ತಿ 45 ನಿಮಿಷ ಸೌಂಡ್ ಚೆಕ್‌ಗೆ ಬಿಡಿ. ಆ ಹೊತ್ತಿನಲ್ಲಿ ಮಕ್ಕಳ ನೃತ್ಯದ ರಿಹರ್ಸಲ್ ಬೇಡವೇ ಬೇಡ.

ಚಳಿಗಾಲದಲ್ಲಿ ಹೀಟರ್ ಗಾಳಿ ಒಣಗಿರುತ್ತೆ, ಮೃದಂಗದ ಚರ್ಮ ಬಿಗಿದು ಶ್ರುತಿ ಏರುತ್ತಾ ಹೋಗುತ್ತೆ. ಎಡಮುಖಕ್ಕೆ ಹಚ್ಚಿದ ರವೆ ಹಾಡಿನ ಮಧ್ಯದಲ್ಲೇ ಒಣಗಿ ಉದುರುತ್ತೆ. ಹೀಟರ್ ಕಿಂಡಿಯ ನೇರಕ್ಕೆ ವೇದಿಕೆ ಹಾಕಬೇಡಿ. ಹಾಡುಗಳ ನಡುವೆ ಶ್ರುತಿ ಮಾಡಿಕೊಳ್ಳುತ್ತಿದ್ದರೆ ನಿರೂಪಕರು ಮೈಕ್ ಹಿಡಿದು ಊಟದ ಕೂಪನ್ ವಿಚಾರ ಹೇಳಬಾರದು. ಇದಕ್ಕೆ ಖರ್ಚೇನೂ ಇಲ್ಲ, ಆದರೂ ಯಾರೂ ಪಾಲಿಸುವುದಿಲ್ಲ.

ಉತ್ತರ (ಶಿಡ್ಲಘಟ್ಟ ಮೂಲ, ಈಗ ಲೀಡ್ಸ್):

ಎಲ್ಲರೂ ಕಚೇರಿ ಕಚೇರಿ ಅಂತಿದ್ದೀರಿ, ತಮಟೆ ಯಾಕೆ ಬಿಟ್ರಿ? ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಇದಕ್ಕೆ ಮೈಕೂ ಬೇಡ, ಸಭಾಂಗಣವೂ ಬೇಡ. ಮೈಕ್ ಇಟ್ಟರೇ ಕೆಡೋದು, ಪೆಟ್ಟಿನ ಸದ್ದು ಒಡೆದು ಬರೀ ಗರಗರ ಆಗುತ್ತೆ. ಬಯಲಲ್ಲಿ ಹತ್ತು-ಹದಿನೈದು ಮೀಟರ್ ದೂರ ನಿಲ್ಲಿ, ಮಕ್ಕಳು ತಾವಾಗೇ ಕುಣೀತಾರೆ. ಜುಲೈ ತಿಂಗಳ ಸೋನೆಗೆ ಚರ್ಮದ ತಮಟೆ ಸಡಿಲ ಆಗುತ್ತೆ, ಅದಕ್ಕೇ ಬಾರಿಸೋ ಮೊದಲು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸೋದು. ಕಾಲು ಗಂಟೆ ಮುಂಚೆ ಹೋಗಿ, ಆ ಕಾಯಿಸೋದನ್ನೂ ತೋರಿಸಿ. ಫೈಬರ್ ಹಾಳೆಯ ತಮಟೆಗೆ ಈ ಗೊಡವೆ ಇಲ್ಲ, ಆದರೆ ಆ ನಾದವೂ ಇಲ್ಲ.

ಮತ್ತೆ, ಕೈವಾರದ ಲೆಕ್ಕ ಹಾಕೋ ನಮ್ಮ ಇಂಗ್ಲೆಂಡಿನವರಿಗೆ: ಇಲ್ಲಿ ಶಾಲೆ ಬಿಡೋದು ಜುಲೈ ಮೂರನೇ ವಾರದ ಮೇಲೆ. ಗುರುಪೂರ್ಣಿಮೆ ತಿಂಗಳ ಕೊನೆಗೆ ಬಿದ್ದ ವರ್ಷ ಮಾತ್ರ ಸಿಗುತ್ತೆ. 2026ರಲ್ಲಿ ಅದು ಜುಲೈ 29.