ಹೋಬಳಿ ಚರಿತ್ರೆ ಬರೆಯಲು ಇಂಗ್ಲೆಂಡಿನ ಹೇಸ್ಟೆಡ್‌ನನ್ನು ಓದಬೇಕಾ?

ಮಳವಳ್ಳಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಮ್ಮ ಹೋಬಳಿಯ ಊರುಗಳ ಚರಿತ್ರೆಯನ್ನು ಒಂದು ಪುಸ್ತಕ ಮಾಡಬೇಕು ಅಂತ ತುಂಬಾ ದಿನದ ಆಸೆ. ಒಂದಷ್ಟು ವೀರಗಲ್ಲು, ಮಾಸ್ತಿಕಲ್ಲುಗಳ ಫೋಟೋ ಇದೆ, ಊರಿನ ಹಿರಿಯರು ಹೇಳಿದ್ದೆಲ್ಲ ನೋಟ್‌ಬುಕ್‌ನಲ್ಲಿದೆ. ಆದರೆ ಎಲ್ಲಿಂದ ಶುರು ಮಾಡಿ ಹೇಗೆ ಜೋಡಿಸಬೇಕು ಅನ್ನೋದೇ ತಿಳೀತಿಲ್ಲ. ಮಾನಸಗಂಗೋತ್ರಿಯಲ್ಲಿ ಪಾಠ ಮಾಡುವ ಪರಿಚಯದವರೊಬ್ಬರು, "ಮೊದಲು ಕೆಂಟ್ ಬಗ್ಗೆ ಬರೆದ ಎಡ್ವರ್ಡ್ ಹೇಸ್ಟೆಡ್‌ನನ್ನು ನೋಡಿ" ಅಂದರು. ಯಾರಪ್ಪಾ ಈತ? ಇಂಗ್ಲೆಂಡಿನ ಯಾವುದೋ ಜಿಲ್ಲೆಯ ಕಥೆ ನಮ್ಮ ರಾಗಿ ಹೊಲ, ಕೆರೆ ಬಯಲಿಗೆ ಏನು ಉಪಯೋಗ? ಓದಿದವರು ಇದ್ದರೆ ತಿಳಿಸಿ.

ಹಳೇಪುಸ್ತಕ ಮೈಸೂರು:
ಮೇಷ್ಟ್ರೇ, ಒಳ್ಳೆ ಸಲಹೆಯನ್ನೇ ಕೊಟ್ಟಿದ್ದಾರೆ. ಅವನ ಪುಸ್ತಕಕ್ಕಿಂತ ಅವನ ಬದುಕೇ ಹೆಚ್ಚು ರೋಚಕ, ಅದನ್ನೇ ಮೊದಲು ಹೇಳ್ತೀನಿ.

ಹುಟ್ಟಿದ್ದು 1732ರಲ್ಲಿ, ಲಂಡನ್ನಿನಲ್ಲಿ. ತಾತ ಚಾಥಮ್ ಬಂದರಿನಲ್ಲಿ ನೌಕಾಪಡೆಯ ಹಡಗುಗಳ ಬಣ್ಣದ ಕೆಲಸ ನೋಡಿಕೊಳ್ಳುತ್ತಾ ಚೆನ್ನಾಗಿ ದುಡ್ಡು ಮಾಡಿದ್ದ. ಹಾಗಾಗಿ ಹೇಸ್ಟೆಡ್‌ಗೆ ಕೆಂಟ್‌ನಲ್ಲಿ ಆಸ್ತಿ ಇತ್ತು, ಹೊಟ್ಟೆಪಾಡಿನ ಚಿಂತೆ ಇರಲಿಲ್ಲ. ಅವನಿಗಿದ್ದದ್ದು ಒಂದೇ ಹುಚ್ಚು, ಕೆಂಟ್ ಕೌಂಟಿಯ ಒಂದು ಊರನ್ನೂ ಬಿಡದೆ ಅಲ್ಲಿನ ಜಮೀನು ಯಾರಿಂದ ಯಾರ ಕೈಗೆ ಬಂತು, ಚರ್ಚ್ ಯಾರದು, ಗೋರಿಯ ಮೇಲೆ ಏನು ಬರೆದಿದೆ ಅಂತ ದಾಖಲಿಸೋದು. ಸುಮಾರು 40 ವರ್ಷ ಇದಕ್ಕೇ ಹೋಯಿತು. ದೊಡ್ಡ ಅಳತೆಯ 4 ಸಂಪುಟಗಳು 1778ರಿಂದ 1799ರವರೆಗೆ ಒಂದೊಂದಾಗಿ ಬಂದವು. ಅಷ್ಟರಲ್ಲಿ ಅವನ ಮನೆ ಮುಳುಗಿತ್ತು! ಹಳೇ ಮನೆ ರಿಪೇರಿಗೆ ಸುರಿದ ದುಡ್ಡು, ಪುಸ್ತಕದ ಖರ್ಚು, ಮೈತುಂಬಾ ಸಾಲ. ಜೊತೆಗೆ ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳ ಸಂಗಡ 1790ರಲ್ಲಿ ಫ್ರಾನ್ಸಿಗೆ ಓಡಿಹೋದ. ಅಲ್ಲಿ ಕ್ರಾಂತಿ ಶುರುವಾಗಿ ಒಂದು ವರ್ಷವಾಗಿತ್ತು, ಓಡಿಹೋಗಲು ಬೇರೆ ದೇಶ ಸಿಗಲಿಲ್ಲವೇ ಅಂತ ನಗು ಬರುತ್ತೆ. ವಾಪಸ್ ಬಂದವನು ಸಾಲಕ್ಕಾಗಿ ಲಂಡನ್ನಿನ ಕಿಂಗ್ಸ್ ಬೆಂಚ್ ಜೈಲು ಸೇರಿ 1802ರಲ್ಲಿ ಹೊರಗೆ ಬಂದ. ಅವನ ಪುಸ್ತಕದ ಎರಡನೇ ಆವೃತ್ತಿ 12 ಚಿಕ್ಕ ಸಂಪುಟಗಳಲ್ಲಿ ಬಂದದ್ದು 1797ರಿಂದ 1801ರ ನಡುವೆ, ಅಂದರೆ ಜೈಲಿನ ಕಾಲದಲ್ಲೇ. ಕೊನೆಗೆ 1807ರಲ್ಲಿ ವಿಲ್ಟ್‌ಶೈರ್‌ನ ಕಾರ್ಷಮ್ ಎಂಬಲ್ಲಿ ಬಡ ಮುದುಕರ ಒಂದು ಆಶ್ರಮದ ಮೇಲ್ವಿಚಾರಕನ ಕೆಲಸ ಸಿಕ್ಕಿತು. 1812ರಲ್ಲಿ ಅಲ್ಲೇ ತೀರಿಕೊಂಡ.

ಆ 12 ಸಂಪುಟಗಳೂ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಪೂರ್ತಿ ಓದಲು ಹೋಗಬೇಡಿ, ನಿದ್ದೆ ಬರುತ್ತೆ. ಯಾವುದಾದರೂ ಎರಡು ಊರಿನ ಪುಟ ತೆಗೆದು ಅವನು ಹೇಗೆ ಜೋಡಿಸಿದ್ದಾನೆ ಅಂತ ಮಾತ್ರ ನೋಡಿ. ಕೆಂಟ್ ಅನ್ನು ಲೇತ್, ಅದರೊಳಗೆ ಹಂಡ್ರೆಡ್, ಅದರೊಳಗೆ ಪ್ಯಾರಿಷ್ ಅಂತ ಭಾಗ ಮಾಡಿದ್ದರು, ನಮ್ಮ ತಾಲ್ಲೂಕು, ಹೋಬಳಿ, ಗ್ರಾಮ ಇದ್ದ ಹಾಗೆ. ಅವನು ಅದೇ ಸಾಲಿನಲ್ಲಿ ಹೋಗುತ್ತಾನೆ. ಪ್ರತಿ ಊರಿಗೂ ಅದೇ ಕ್ರಮ: ಊರು ಎಲ್ಲಿದೆ, ಮಣ್ಣು ಎಂಥದ್ದು, ಜಮೀನಿನ ಒಡೆಯರು ಯಾರು, ಆಮೇಲೆ ದಾನಧರ್ಮ, ಚರ್ಚ್, ಅಲ್ಲಿನ ಪಾದ್ರಿಗಳ ಪಟ್ಟಿ. ನಿಮ್ಮ ತೊಂದರೆಗೆ ಉತ್ತರ ಇದೇ ಅಲ್ವಾ?

ನಾಲೆ ಏರಿ:
ಸುಮ್ನೆ ಹೊಗಳಬೇಡಿ ಸಾರ್. ನಾನೂ ಒಂದಷ್ಟು ಪುಟ ನೋಡಿದ್ದೀನಿ, ಅದರಲ್ಲಿ ಇರೋದು ಬರೀ ಜಮೀನ್ದಾರರ ವಂಶಾವಳಿ. ಉತ್ತವರು, ಕುರಿ ಕಾಯ್ದವರು ಎಲ್ಲಿದ್ದಾರೆ? ಪುಸ್ತಕಕ್ಕೆ ಮುಂಗಡ ದುಡ್ಡು ಕೊಡುತ್ತಿದ್ದವರು ಅದೇ ದೊಡ್ಡ ಮನೆಯವರು, ಅವರ ಲಾಂಛನ, ಅವರ ಬಂಗಲೆಯ ಚಿತ್ರ ಪುಸ್ತಕದಲ್ಲಿ ಮೆರೆಯಬೇಕಿತ್ತು. ನಮ್ಮ ಮಂಡ್ಯದ ಕಡೆ ಇದೇ ದಾರಿ ಹಿಡಿದರೆ ಪಟೇಲರು, ಜೋಡಿದಾರರು, ಶಾನುಭೋಗರ ಹೆಸರಷ್ಟೇ ಉಳಿಯೋದು.

ಹಳೇಪುಸ್ತಕ ಮೈಸೂರು:
ಮಾತು ನಿಜ, ಅಲ್ಲಗಳೆಯಲ್ಲ. ಆದರೂ ಎರಡು ವಿಷಯ. ಇಂಗ್ಲೆಂಡಿನ ಬೇರೆ ಕಡೆ ಅಪ್ಪನ ಜಮೀನು ಸಾಮಾನ್ಯವಾಗಿ ಹಿರಿಮಗನಿಗೆ ಹೋಗುತ್ತಿತ್ತು. ಕೆಂಟ್‌ನಲ್ಲಿ ಮಾತ್ರ ಗ್ಯಾವಲ್‌ಕೈಂಡ್ ಎಂಬ ಪದ್ಧತಿ ಇತ್ತು, ಗಂಡುಮಕ್ಕಳಿಗೆಲ್ಲ ಸಮಪಾಲು. ಹಾಗಾಗಿ ಒಂದೇ ಜಮೀನು ತಲೆತಲಾಂತರಕ್ಕೆ ಹರಿದು ಹಂಚಿಹೋಗಿ, ಒಡೆತನದ ಜಾಡು ಹಿಡಿಯೋದೇ ಕಷ್ಟ. ಅಷ್ಟನ್ನೂ ಬಿಡಿಸಿಟ್ಟದ್ದಕ್ಕೇ ಇವತ್ತಿಗೂ ಕೆಂಟ್ ಬಗ್ಗೆ ಕೆಲಸ ಮಾಡುವವರು ಅವನನ್ನು ತೆಗೆಯದೆ ಇರಲ್ಲ. ಇನ್ನೊಂದು, ಜೌಗು ಪ್ರದೇಶದ ಊರು ಬಂದರೆ ಅಲ್ಲಿ ಗಾಳಿ ನೀರು ಸರಿಯಿಲ್ಲ, ಜನಕ್ಕೆ ಚಳಿಜ್ವರ ಬರುತ್ತೆ ಅಂತ ಬರೆಯುತ್ತಾನೆ. ಅದು ಮಲೇರಿಯಾ ಅಂತ ಅವನಿಗೇನು ಗೊತ್ತು? ಆದರೆ ಬರೆದಿಟ್ಟ, ಆಮೇಲೆ ರೋಗದ ಚರಿತ್ರೆ ಹುಡುಕಿದವರಿಗೆ ಅದು ಕೆಲಸಕ್ಕೆ ಬಂತು. ನೀವು ನಾಲೆ ಏರಿಯವರು, ವಿಶ್ವೇಶ್ವರಯ್ಯ ನಾಲೆ ಬಂದ ಹೊಸದರಲ್ಲಿ ಚಳಿಜ್ವರದ ಕಾಟ ಹೇಗಿತ್ತು ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಡಿ.

ಪಾಂಡವಪುರದವಳು:
ಮೇಷ್ಟ್ರೇ, ಇಂಗ್ಲೆಂಡಿನದೇ ಇನ್ನೊಂದು ಕೌಂಟಿ ಡಾರ್ಸೆಟ್‌ನ ಚರಿತ್ರೆ ಬರೆದ ಜಾನ್ ಹಚಿನ್ಸ್‌ನನ್ನೂ ಸೇರಿಸಿಕೊಳ್ಳಿ, ನನಗೆ ಅವನೇ ಜಾಸ್ತಿ ಇಷ್ಟ. ವೇರಮ್ ಎಂಬ ಪಟ್ಟಣದ ಪಾದ್ರಿ. 1739ರಲ್ಲೇ ಪ್ರಶ್ನೆಗಳನ್ನು ಅಚ್ಚು ಹಾಕಿಸಿ ಇಡೀ ಕೌಂಟಿಗೆ ಹಂಚಿದ್ದ. 1762ರಲ್ಲಿ ಊರಿಗೆ ಬೆಂಕಿ ಬಿದ್ದು ಮನೆ ಉರಿದಾಗ ಹಸ್ತಪ್ರತಿಯನ್ನು ಜೀವದ ಹಂಗು ಬಿಟ್ಟು ಹೊರಗೆ ತಂದವಳು ಅವನ ಹೆಂಡತಿ. ಅವನು 1773ರಲ್ಲಿ ತೀರಿಕೊಂಡ, ಪುಸ್ತಕ ಬಂದದ್ದು 1774ರಲ್ಲಿ. ಉಳಿಸಿದವಳು ಹೆಂಡತಿ, ಪುಸ್ತಕದ ಮೇಲೆ ಹೆಸರು ಮಾತ್ರ ಅವನದೇ, ಇರಲಿ ಬಿಡಿ.

ಪ್ರಶ್ನೆ ಹಂಚುವ ಉಪಾಯವನ್ನು ನೀವೂ ಮಾಡಬಹುದು. ನಿಮ್ಮ ಶಾಲೆಯ ಮಕ್ಕಳ ಕೈಲಿ ಒಂದು ಹಾಳೆ ಕೊಟ್ಟು ಕಳಿಸಿ: ಊರಿನ ಕೆರೆ, ತೂಬು, ಹಬ್ಬ, ದೇವರ ಒಕ್ಕಲು, ಹಾಳೂರು ಇದ್ದರೆ ಅದರ ಹೆಸರು, ಬಾವಿ ತೋಡಿದವರು. ನಾಲೆ ಏರಿಯವರು ಕೇಳಿದ ಜನ ಆ ಹಾಳೆಯಲ್ಲೇ ಸಿಗುತ್ತಾರೆ. ಶಾಸನಗಳಿಗೆ ಮೈಸೂರು ವಿಶ್ವವಿದ್ಯಾನಿಲಯದ ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ 7ನೇ ಸಂಪುಟ ಹಿಡಿಯಿರಿ, ಮಳವಳ್ಳಿ, ಮದ್ದೂರು, ನಾಗಮಂಗಲ ಎಲ್ಲ ಅದರಲ್ಲಿವೆ. ಈ ಶಾಸನಗಳನ್ನು ಮೊದಲು ಪ್ರಕಟಿಸಿದ ಬಿ.ಎಲ್. ರೈಸ್ ಸಾಹೇಬರ ಹಳೇ ಮುದ್ರಣ ನೋಡುವುದಾದರೆ ಮೈಸೂರು ಜಿಲ್ಲೆ ಅಂತ ಹುಡುಕಿ, ಮಂಡ್ಯ ಬೇರೆ ಜಿಲ್ಲೆ ಆದದ್ದು 1939ರಲ್ಲಿ ತಾನೇ.

ನಾಲೆ ಏರಿ:
ಹಾಳೆಯ ಐಡಿಯಾ ಚೆನ್ನಾಗಿದೆ ಮೇಡಂ. ಅದರಲ್ಲಿ ದನ, ನಾಯಿ, ಬೇಟೆ ಬಗ್ಗೆಯೂ ಒಂದು ಸಾಲು ಇರಲಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹಂದಿ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಗೆ 10ನೇ ಶತಮಾನದಲ್ಲೇ ಕಲ್ಲು ನಿಲ್ಲಿಸಿದ ಜನ ನಾವು. ಹೇಸ್ಟೆಡ್‌ನ 12 ಸಂಪುಟಕ್ಕಿಂತ ಆ ಕಲ್ಲು ನನಗೆ ದೊಡ್ಡದು.

ಮಳವಳ್ಳಿ ಮೇಷ್ಟ್ರು:
ಎಲ್ಲರಿಗೂ ಥ್ಯಾಂಕ್ಸ್. ಕ್ರಮ ಹೇಸ್ಟೆಡ್‌ನದು, ಹಾಳೆ ಹಚಿನ್ಸ್‌ನದು ಅಂತ ತೀರ್ಮಾನ ಮಾಡಿದೆ. ಆದರೆ ಒಡೆಯರ ಬದಲು ಕೆರೆಯಿಂದ ಶುರು ಮಾಡ್ತೀನಿ, ನಮ್ಮಲ್ಲಿ ಊರು ಕಟ್ಟಿದ್ದೇ ಕೆರೆ ನೋಡಿಕೊಂಡು. ಪ್ರಶ್ನೆಗಳನ್ನು ಬರೆದು ಇಲ್ಲೇ ಹಾಕ್ತೀನಿ, ಬಿಟ್ಟುಹೋದದ್ದು ಸೇರಿಸಿ. ಹಳೇಪುಸ್ತಕದವರೇ, ಕೆಂಟ್‌ನಲ್ಲಿ ನೋಡಬೇಕಾದ ಆ ಎರಡು ಊರು ಯಾವುವು ಅಂತ ಹೆಸರು ಹೇಳಿಬಿಡಿ.

ಹಳೇಪುಸ್ತಕ ಮೈಸೂರು:
ಸಟನ್ ಅಟ್ ಹೋನ್ ನೋಡಿ, ಅವನು ದುಡ್ಡು ಸುರಿದ ಮನೆ ಇದ್ದದ್ದು ಅಲ್ಲೇ. ಇನ್ನೊಂದಕ್ಕೆ ರಾಮ್ನಿ ಮಾರ್ಷ್ ಎಂಬ ಜೌಗು ಪ್ರದೇಶದ ಕಡೆಯ ಯಾವುದಾದರೂ ಊರು ಸಾಕು, ಚಳಿಜ್ವರದ ಮಾತು ಅಲ್ಲಿ ಸಿಗುತ್ತೆ.