ಊರುಗೋಲಿನ ನಡಿಗೆ: ಫಿಸಿಯೋ ಮೇಡಂ ಅವರನ್ನು ಕೇಳಿ

ಗಿರಿನಗರ: ಮೇಡಂ, ಅಪ್ಪನಿಗೆ ಮೊಣಕಾಲಿನ ಕೆಳಗೆ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಕಂಕುಳಿಗೆ ಕೊಡುವ ಊರುಗೋಲಿನಲ್ಲಿ ಓಡಾಡುತ್ತಾರೆ. ನಿನ್ನೆಯಿಂದ ಬಲಗೈ ಜೋಮು. ಲೋಟ ಎತ್ತಿದರೆ ಮಣಿಕಟ್ಟು ಜೋಲುತ್ತದೆ. ವಯಸ್ಸಾಯ್ತು ಅಂತಲಾ?

ಫಿಸಿಯೋ: ವಯಸ್ಸಲ್ಲ. ಕಂಕುಳಿನ ಮೇಲೆ ಮೈಭಾರ ಬಿಡುತ್ತಿದ್ದಾರೆ ಅನ್ನಿಸುತ್ತದೆ. ಅಲ್ಲಿಂದ ತೋಳಿಗೆ ಇಳಿಯುವ ನರ ಒತ್ತಿಹೋದರೆ ಮಣಿಕಟ್ಟು, ಬೆರಳು ಮೇಲೇಳುವುದಿಲ್ಲ. ಇವತ್ತೇ ಡಾಕ್ಟರಿಗೆ ತೋರಿಸಿ. ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಸೀದಾ ಎಮರ್ಜೆನ್ಸಿಗೆ, ಅದು ಬೇರೆಯೇ ಕಾಯಿಲೆ. ಡಾಕ್ಟರು ನೋಡುವವರೆಗೆ ಆ ಕೋಲು ಬೇಡ, ವೀಲ್‌ಚೇರ್ ಬಾಡಿಗೆಗೆ ತನ್ನಿ. ಒತ್ತಡ ತಪ್ಪಿದರೆ ನರ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಆದರೆ ವಾರ, ತಿಂಗಳು ಹಿಡಿಯಬಹುದು.
ಎತ್ತರ ಹೊಂದಿಸಿದ್ದು ಯಾರು, ಅಂಗಡಿಯವರಾ? ಚಪ್ಪಲಿ ಹಾಕಿ ನೇರ ನಿಂತಾಗ ಕಂಕುಳಿಗೂ ಕೋಲಿಗೂ ನಡುವೆ 2-3 ಬೆರಳು ಜಾಗ ಇರಬೇಕು. ಕೋಲಿನ ಹಿಡಿ, ಕೈ ಇಳಿಬಿಟ್ಟಾಗ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು, ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಕೋಲನ್ನು ಪಕ್ಕೆಗೆ ಅವುಚಿಕೊಳ್ಳಿ, ಭಾರವೆಲ್ಲ ಅಂಗೈಗೆ.

ಯಶವಂತಪುರ: ಎರಡನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲು ಹೇಗೆ?

ಫಿಸಿಯೋ: ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಆಮೇಲೆ ಆಪರೇಷನ್ ಕಾಲು, ಕೋಲು. ಇಳಿಯುವಾಗ ಕೋಲು, ಆಪರೇಷನ್ ಕಾಲು, ಕೊನೆಗೆ ಚೆನ್ನಾಗಿರುವ ಕಾಲು. ಊರಬೇಡಿ ಅಂದಿದ್ದರೆ ಆ ಕಾಲು ಗಾಳಿಯಲ್ಲೇ ಇರಲಿ. ಒಬ್ಬರು ಕೆಳಗಿನ ಮೆಟ್ಟಿಲಲ್ಲಿ ನಿಂತಿರಲಿ.

ರಾಜಾಜಿನಗರ: ಫಾರ್ವರ್ಡ್ ಬಂದಿದ್ದು: ಊದಿದ ಮೀನಖಂಡಕ್ಕೆ ಬಿಸಿ ಎಳ್ಳೆಣ್ಣೆ ತಿಕ್ಕಿ, ವಾರದಲ್ಲಿ ಕೋಲು ಬಿಸಾಡಿ 🙏

ಫಿಸಿಯೋ: ದಯವಿಟ್ಟು ಅಳಿಸಿ. ಆಪರೇಷನ್ ಆದಮೇಲೆ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಅದೇ ದಿನ ಡಾಕ್ಟರಿಗೆ ತೋರಿಸಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108.

ರಾಜಾಜಿನಗರ: ನಮ್ಮಜ್ಜಿ ಜೀವನಪೂರ್ತಿ ಎಣ್ಣೆ ತಿಕ್ಕಿಕೊಂಡವರು.

ಬನಶಂಕರಿ: ಅಜ್ಜಿಗೆ ಆಪರೇಷನ್ ಆಗಿತ್ತಾ?

ರಾಜಾಜಿನಗರ: ನಿಮ್ಮನ್ನು ಕೇಳಲಿಲ್ಲ.

ಕೋರಮಂಗಲ: ಸ್ಕೂಟರ್ ಯಾವಾಗ ಓಡಿಸಬಹುದು?

ಮಲ್ಲೇಶ್ವರ: ಒಂದೇ ಕೋಲಿಗೆ ಇಳಿದಿದ್ದೇನೆ. ನೋವಿರುವ ಕಡೆಯೇ ಹಿಡಿಯಬೇಕಲ್ವಾ?

ಫಿಸಿಯೋ: ಅಲ್ಲ, ಇನ್ನೊಂದು ಕೈಯಲ್ಲಿ. ಫುಟ್‌ಪಾತಿಗೆ ಈಗಲೇ ಇಳಿಯಬೇಡಿ.

ಬನಶಂಕರಿ: ಫುಟ್‌ಪಾತ್ ಎಲ್ಲಿದೆ ಮೇಡಂ? ಇರೋದು ಅಲ್ಲಾಡುವ ಚಪ್ಪಡಿ, ಮೇಲೆ ಬೈಕು.

ಬಸವನಗುಡಿ: ಸುಮ್ನೆ ದೂರಬೇಡಿ. ಮೆಟ್ರೋದಲ್ಲಿ ಲಿಫ್ಟ್ ಇದೆ.

ಬನಶಂಕರಿ: ಮನೆಯಿಂದ ಮೆಟ್ರೋವರೆಗೆ ಹಾರಿಕೊಂಡು ಹೋಗೋದಾ?

ಬಸವನಗುಡಿ: ಆಟೋ ಅಂತ ಒಂದಿದೆ.

ಬನಶಂಕರಿ: ನಮ್ಮ ಏರಿಯಾದಲ್ಲಿ ಹತ್ತಿರದ ಬಾಡಿಗೆಗೆ ಒಂದೂ ಬರಲ್ಲ. ನೀವೇ ಬಂದು ಕರೆದುಕೊಂಡು ಹೋಗಿ.

ನಾಗರಬಾವಿ: ಮೆಟ್ಟಿಲು ಹತ್ತುವಾಗ ಯಾವ ಕಾಲು ಮೊದಲು?

ಫಿಸಿಯೋ: ಮೇಲಿದೆ.

ಹನುಮಂತನಗರ: ಒದ್ದೆ ನೆಲದಲ್ಲಿ ಕೋಲು ಜಾರುತ್ತದೆ.

ಫಿಸಿಯೋ: ನೆಲ ಒರೆಸಿ. ಅಡಿಯ ರಬ್ಬರ್ ಸವೆದಿದ್ದರೆ ಬದಲಿಸಿ.

ಜಯನಗರ: ಮೇಡಂ, ಹತ್ತುವಾಗ ಕೋಲು ಮೊದಲಾ, ಕಾಲು ಮೊದಲಾ?

ಫಿಸಿಯೋ: ಮೇಲೆ ಓದಿ ಅಂದೆನಲ್ಲ!

ಕೋರಮಂಗಲ: ಸ್ಕೂಟರ್??

ರಾಜಾಜಿನಗರ: ಫಾರ್ವರ್ಡ್ ಬಂದಿದ್ದು: ಮಂಗರವಳ್ಳಿ ಅರೆದು ಹೊಲಿಗೆಯ ಮೇಲೆ ಹಚ್ಚಿ…

ಫಿಸಿಯೋ: ಹೊಲಿಗೆಯ ಮೇಲೆ ಏನೂ ಹಚ್ಚಬೇಡಿ, ಕೀವಾಗುತ್ತದೆ. ಅಡ್ಮಿನ್, ಇದನ್ನು ನೀವು ತೆಗೆಯುತ್ತೀರಾ, ನಾನೇ ಗ್ರೂಪ್ ಬಿಡಲಾ?