ಕೊಹಿಮಾ ಹತ್ರದ ಹಳ್ಳಿಗೆ ಹೋಗ್ತಿದೀನಿ, ನಾಗಾ ಜನರ ಮನೆ-ಊರಿನ ರೀತಿ ಗೊತ್ತಿರೋರು ಹೇಳ್ತೀರಾ?

ಕೊಪ್ಪದ_ಹುಡುಗ:
ನಮಸ್ಕಾರ ಎಲ್ರಿಗೂ. ಬೆಂಗ್ಳೂರಲ್ಲಿ ಮೂರು ವರ್ಷದಿಂದ ನನ್ ಜೊತೆ ರೂಮಲ್ಲಿರೋ ಗೆಳೆಯ ನಾಗಾ ಜನರಲ್ಲಿ ಅಂಗಾಮಿ ಬುಡಕಟ್ಟಿನೋನು. ಈ ಸಲ ಡಿಸೆಂಬರ್‌ಗೆ ಊರಿಗೆ ಬಾ, ಕ್ರಿಸ್‌ಮಸ್ ಮುಗಿಸ್ಕೊಂಡೇ ಹೋಗು ಅಂತ ಕರ್ದಿದಾನೆ. ನೆಟ್ಟಲ್ಲಿ ಹುಡುಕಿದ್ರೆ ಬರೀ ಗರಿ ಸಿಕ್ಕಿಸ್ಕೊಂಡು ಈಟಿ ಹಿಡ್ದು ಕುಣಿಯೋ ಫೋಟೋ, ಇಲ್ಲಾಂದ್ರೆ ತಲೆ ಕಡಿಯೋ ಕಥೆ. ನಂಗೆ ಬೇಕಿರೋದು ದಿನನಿತ್ಯದ ಬದುಕು, ಏನ್ ತಿಂತಾರೆ, ಹೊಲ ಹೆಂಗೆ ಮಾಡ್ತಾರೆ, ಮನೆಗೆ ಹೋದೋರು ಹೆಂಗಿರ್ಬೇಕು. ಒಂದ್ಸಲ ಅವ್ನು ಅಖುನಿ (ಹುದುಗು ಬರಿಸಿದ ಸೋಯಾ ಕಾಳು) ಹಾಕಿ ಹಂದಿ ಬೇಯಿಸ್ದಾಗ ಆಗಿನ ಮನೆ ಓನರ್ ವಾಸನೆ ಅಂತ ಬಾಗಿಲಿಗೆ ಬಂದು ಕೂಗಾಡಿ ಮನೆ ಖಾಲಿ ಮಾಡ್ಸಿದ್ರು, ಆವತ್ತು ಅವ್ನು ಪಾತ್ರೆ ಮುಚ್ಚಿಟ್ಟು ಊಟಾನೂ ಮಾಡ್ದೆ ಕೂತಿದ್ದು ಇನ್ನೂ ಕಣ್ಮುಂದೆ ಇದೆ. ಅವ್ರ ಮನೇಲಿ ನನ್ನಿಂದ ಅಂಥ ನೋವು ಆಗ್ಬಾರ್ದು, ಅದಕ್ಕೆ ಕೇಳ್ತಿದೀನಿ.

ಮೇಷ್ಟ್ರು_ಹಾಸನ:
ನಾನು ಕೊಹಿಮಾದಲ್ಲಿ ನಾಲ್ಕು ವರ್ಷ ಪಾಠ ಮಾಡ್ದೋನು. ಮೊದ್ಲು ಇನ್ನರ್ ಲೈನ್ ಪರ್ಮಿಟ್, ಅಂದ್ರೆ ಹೊರಗಿನೋರು ನಾಗಾಲ್ಯಾಂಡ್ ಒಳ್ಗೆ ಹೋಗೋಕೆ ಬೇಕಾದ ಸರ್ಕಾರಿ ಅನುಮತಿ, ಮಾಡಿಸ್ಕೊಳ್ಳಿ, ಅದಿಲ್ದೆ ಹೋಗಂಗಿಲ್ಲ. ಅಲ್ಲಿ ಮನೆ ಅಂದ್ರೆ ಅಡುಗೆಮನೆ. ನಡುಮಧ್ಯ ಒಲೆ, ಸುತ್ತ ಗಿಡ್ಡ ಮಣೆಗಳು, ಒಲೆ ಮೇಲೆ ಬಿದಿರಿನ ಅಟ್ಟ ತೂಗುಬಿಟ್ಟಿರ್ತಾರೆ, ಅದ್ರಲ್ಲಿ ಹಂದಿಮಾಂಸ ಹೊಗೆ ಕುಡಿದು ಕುಡಿದು ಕಪ್ಪಾಗಿರುತ್ತೆ, ಪಕ್ಕದಲ್ಲೇ ಮೆಣಸಿನಕಾಯಿ. ನಿಮ್ಮ ಮಲ್ನಾಡಲ್ಲಿ ಒಲೆ ಮೇಲಿನ ಅಟ್ಟ ಇತ್ತಲ್ಲ, ಅದೇ ಥರ. ಬಂದೋರನ್ನ ಕೂರಿಸೋದೂ ಅಲ್ಲೇ. ಡಿಸೆಂಬರಲ್ಲಿ ನಾಲ್ಕೂವರೆಗೆಲ್ಲಾ ಹೊತ್ತು ಮುಳುಗುತ್ತೆ, ರಾತ್ರಿ ಊಟ ಬೇಗ ಆಗೋಗುತ್ತೆ, ಬೆಳಗ್ಗೆ ತಿಂಡಿ ಅಂತ ಕಾಯ್ಬೇಡಿ, ಅನ್ನಾನೇ. ಗಾಲ್ಹೊ ಕೊಟ್ರೆ ಬಿಡ್ಬೇಡಿ, ಅಕ್ಕಿ-ಸೊಪ್ಪು ಮೆತ್ತಗೆ ಬೇಯಿಸಿ ಮಾಡೋ ಗಂಜಿ, ಒಳ್ಗೆ ಹೊಗೆ ಹಾಕಿದ ಮಾಂಸದ ಚೂರೂ ಇರುತ್ತೆ. ರಾಜಾ ಮಿರ್ಚಿ ಮಾತ್ರ ನೋಡ್ಕೊಂಡು, ಒಂದು ಚೂರು ಸಾಕು ಬಾಯಿ ಉರಿಯೋಕೆ. ಇನ್ನು ಅಖುನಿ ಅಂದ್ರೆ ಮೂಲತಃ ಸುಮಿ ಅನ್ನೋ ಇನ್ನೊಂದು ನಾಗಾ ಬುಡಕಟ್ಟಿನದ್ದು, ಸೋಯಾ ಕಾಳು ಬೇಯಿಸಿ ಎಲೇಲಿ ಸುತ್ತಿ ಒಲೆ ಹತ್ರ ಬೆಚ್ಚಗೆ ಇಟ್ಟು ಹುದುಗು ಬರಿಸೋದು. ಆ ಓನರ್ ಮಾಡಿದ್ದು ಓದಿ ಬೇಜಾರಾಯ್ತು. ಅದು ನಿಮ್ಮ ಗೆಳೆಯನ ಅಮ್ಮನ ಅಡುಗೆಮನೆ ವಾಸನೆ ಕಣ್ರೀ.

ಭಾನುವಾರ ಪೂರ್ತಿ ಚರ್ಚು, ಅಂಗಡಿ ಮುಂಗಟ್ಟು ಬಂದ್. 1872ರಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಕ್ಲಾರ್ಕ್ ಆವೊ ನಾಗಾ ಊರುಗಳಿಗೆ ಬಂದಾಗಿಂದ ಶುರುವಾಗಿದ್ದು, ಈಗ ಹತ್ತು ಜನರಲ್ಲಿ ಎಂಟಕ್ಕಿಂತ ಜಾಸ್ತಿ ಜನ ಕ್ರಿಶ್ಚಿಯನ್ನರು.

ನೇಕಾರ_ಮಗಳು:
ಶಾಲು ಕೊಳ್ಳೋ ಮುಂಚೆ ಮನೆಯೋರನ್ನ ಕೇಳಿ ಪ್ಲೀಸ್. ಒಂದೊಂದು ಬುಡಕಟ್ಟಿಗೆ ಒಂದೊಂದು, ಗಂಡಸ್ರಿಗೆ ಬೇರೆ ಹೆಂಗಸ್ರಿಗೆ ಬೇರೆ. ಆವೊ ಜನರ ಸುಂಗ್‌ಕೊಟೆಪ್ಸು ಅಂತ ಇದೆ, ಕೆಂಪು-ಕಪ್ಪು ಪಟ್ಟೆ, ನಡುವೆ ಒಂದು ಬಿಳಿ ಪಟ್ಟಿ, ಅದ್ರ ಮೇಲೆ ಮಿಥುನ್ ಅನ್ನೋ ದನ, ಹುಲಿ, ಆನೆ, ಹುಂಜ ಎಲ್ಲಾ. ಆ ಚಿತ್ರ ನೇಯ್ದಿದ್ದಲ್ಲ, ಕೈಯಲ್ಲಿ ಬರ್ದಿದ್ದು. ಹಿಂದೆ ಯುದ್ಧದಲ್ಲಿ ಶತ್ರು ತಲೆ ತಂದೋನು, ಇಲ್ಲಾ ಮಿಥುನ್ ಕಡಿದು ಇಡೀ ಊರಿಗೆ ಊಟ ಹಾಕ್ದೋನು ಮಾತ್ರ ಹೊದೀತಿದ್ದ. ನಂಗೆ ಇದ್ರಲ್ಲಿ ತುಂಬ ಇಷ್ಟ ಆಗೋದು ಆ ಊಟದ ವಿಷ್ಯ, ಇದ್ದ ಆಸ್ತಿನೆಲ್ಲಾ ಊರಿಗೆ ಉಣ್ಣಿಸಿ ಖಾಲಿ ಮಾಡ್ಕೊಂಡೋನಿಗೇ ದೊಡ್ಡ ಮರ್ಯಾದೆ. ಮಿಥುನ್ ಅಂದ್ರೆ ನೋಡೋಕೆ ನಮ್ಮ ಕಾಡಿನ ಕಾಟಿ ಥರಾನೇ, ಕಾಡಲ್ಲಿ ಬಿಟ್ಟಿರ್ತಾರೆ, ಉಪ್ಪು ತೋರ್ಸಿದ್ರೆ ಹತ್ರ ಬರುತ್ತೆ. ನೇಯೋದು ಹೆಂಗಸ್ರು, ಸೊಂಟಕ್ಕೆ ಪಟ್ಟಿ ಕಟ್ಕೊಂಡು ನೆಲದಲ್ಲಿ ಕೂತು, ಮೈ ಹಿಂದಕ್ಕೆ ಒರಗಿಸಿದ್ರೆ ದಾರ ಬಿಗಿಯಾಗುತ್ತೆ, ನಮ್ಮನೆ ಮಗ್ಗಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ.

ಗುಡ್ಡದ_ದಾರಿ:
ಖೊನೊಮಾಗೆ ಹೋಗೋಕೆ ಮರೀಬೇಡಿ, ಕೊಹಿಮಾದಿಂದ 20 ಕಿಲೋಮೀಟರ್ ಆಸುಪಾಸು. ಮೆಟ್ಟಿಲು ಗದ್ದೆ ನೋಡಿದ್ರೆ ಕೊಪ್ಪದೋರಿಗೆ ಖುಷಿಯಾಗುತ್ತೆ. ಇನ್ನೊಂದು ಕಡೆ ಕುಮ್ರಿ ಹೊಲ (ಕಾಡು ಕಡಿದು ಸುಟ್ಟು ಮಾಡೋದು), ಅದ್ರಲ್ಲಿ ಆಲ್ಡರ್ ಮರ ಬುಡ ಸಮೇತ ಕಡಿಯಲ್ಲ, ತಲೆ ಮಾತ್ರ ಸವರಿ ಬಿಡ್ತಾರೆ, ಮತ್ತೆ ಚಿಗುರುತ್ತೆ, ಬೇರು ಮಣ್ಣಿಗೆ ಸಾರಜನಕ ಕೊಡುತ್ತೆ. ಬೇಟೆಗೆ ಹೆಸರಾದ ಊರೇ ತಾನಾಗಿ 1998ರಲ್ಲಿ ಕಾಡು ಕಾಪಾಡೋಕೆ ಬೇಟೆ ನಿಲ್ಲಿಸ್ತು, ಟ್ರಾಗೋಪಾನ್ ಹಕ್ಕಿಗೋಸ್ಕರ.

ಆಮೇಲೆ ಮೊರುಂಗ್ ಬಗ್ಗೆ ಕೇಳಿ. ಹುಡುಗ್ರು ರಾತ್ರಿ ಮಲಗ್ತಿದ್ದ ಮನೆ, ಹಾಡು, ಕಥೆ, ಬುಟ್ಟಿ ಹೆಣೆಯೋದು, ಊರ ಕಾವಲು ಎಲ್ಲಾ ಕಲೀತಿದ್ದಿದ್ದು ಅಲ್ಲೇ. ಶಾಲೆ-ಚರ್ಚು ಬಂದ್ಮೇಲೆ ಅದು ಹಿಂದೆ ಸರೀತು. ಡಿಸೆಂಬರ್ 1ರಿಂದ 10ರವರೆಗೆ ಕೊಹಿಮಾ ಹತ್ರದ ಕಿಸಾಮಾದಲ್ಲಿ ಹಾರ್ನ್‌ಬಿಲ್ ಹಬ್ಬ ನಡೆಯುತ್ತೆ, ಅಲ್ಲಿ ಒಂದೊಂದು ಬುಡಕಟ್ಟಿನ ಮೊರುಂಗ್ ಕಟ್ಟಿರ್ತಾರೆ. ಹೋಗಿ, ಆದ್ರೆ ವೇದಿಕೆ ಮುಂದೆ ನಿಲ್ಲೋದಕ್ಕಿಂತ ಮೊರುಂಗ್ ಒಳ್ಗೆ ಒಲೆ ಹತ್ರ ಕೂತ್ಕೊಳ್ಳಿ. ತಲೆ ಕಡಿಯೋ ವಿಷ್ಯ ನೀವಾಗೇ ಎತ್ತಬೇಡಿ.

ಮೇಷ್ಟ್ರು_ಹಾಸನ:
ಇದೊಂದು ಪೂರ್ತಿ ಒಪ್ಪಲ್ಲ. ಪರಿಚಯ ಆದ್ಮೇಲೆ ಹಿರಿಯರೇ ಅವರ ಅಜ್ಜಂದಿರ ಕಾಲದ್ದು ಹೇಳ್ತಾರೆ, ಆಗ ಕೇಳಿಸ್ಕೊಳ್ಳಿ. ಅವಸರದಲ್ಲಿ ಫೋನ್ ಎತ್ತಿ ರೆಕಾರ್ಡ್ ಮಾಡೋಕೆ ಮಾತ್ರ ಹೋಗ್ಬೇಡಿ.

ಕೊಪ್ಪದ_ಹುಡುಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಟ್ಟದ ವಿಷ್ಯ ಓದಿ ಅವ್ನಿಗೆ ಹೇಳ್ದೆ, ನಮ್ಮಜ್ಜಿನೂ ಒಲೆ ಮೇಲೆ ಹುಣಸೆ, ವಾಟೆಹುಳಿ ಒಣಗಿಸ್ತಿದ್ರು ಅಂತ. ತಕ್ಷಣ ಅವರಮ್ಮಂಗೆ ವೀಡಿಯೋ ಕಾಲ್ ಮಾಡಿ ಅವ್ರ ಅಟ್ಟ ತೋರಿಸ್ದ, ನಂಗೆ ಅಂತ ಒಂದು ತುಂಡು ಈಗ್ಲೇ ನೇತುಹಾಕಿದಾರಂತೆ. ನಾನು ಅಮ್ಮನ ಹತ್ರ ಒಂದು ಡಬ್ಬ ವಾಟೆಹುಳಿ ಕಟ್ಟಿಸ್ಕೊಂಡು ಹೋಗ್ತೀನಿ.